ಫಲಿತಾಂಶ ಏನೇ ಬರಲಿ, ಕ್ಲಿನಿಕ್‌ಗೆ ತಿಳಿಸಿ

ಮಕ್ಕಳೇ, ಐವಿಎಫ್ ಮಾಡಿಸೋಣ ಎಂದು ಇಬ್ಬರೂ ಕೂತು ತೀರ್ಮಾನಿಸಿದ್ದೀರಿ. ಒಳ್ಳೆಯದಾಗಲಿ. ಹೊರಡುವ ಮುನ್ನ ಈ ಮಾತು ಕೇಳಿಸಿಕೊಳ್ಳಿ.

ಕ್ಲಿನಿಕ್‌ನಲ್ಲಿ ಮೊದಲು ನೋಂದಣಿ ಪತ್ರ ಕೇಳಿ ನೋಡಿ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಂತೆ ಅದಿಲ್ಲದೆ ಯಾರೂ ಈ ಚಿಕಿತ್ಸೆ ಕೊಡುವಂತಿಲ್ಲ. ‘ನಮ್ಮಲ್ಲಿ ಇಷ್ಟು ಪರ್ಸೆಂಟ್ ಸಕ್ಸೆಸ್’ ಎಂದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಎಲ್ಲಿಂದ ಎಲ್ಲಿಯವರೆಗಿನ ಲೆಕ್ಕ ಎಂದು ಕೇಳಿ. 100 ಹೆಂಗಸರು ಇಂಜೆಕ್ಷನ್ ಶುರು ಮಾಡಿದರು ಅನ್ನಿ. 80 ಜನರಿಗೆ ಭ್ರೂಣ ಇಟ್ಟರು, 32 ಜನರ ಟೆಸ್ಟ್ ಪಾಸಿಟಿವ್ ಬಂತು, 24 ಜನ ಮಗು ಹೆತ್ತರು. ಭ್ರೂಣ ಇಟ್ಟವರಲ್ಲಿ ಪಾಸಿಟಿವ್ ಆದದ್ದು 40%; ಚಿಕಿತ್ಸೆ ಶುರು ಮಾಡಿದವರಲ್ಲಿ ಮಡಿಲು ತುಂಬಿದ್ದು 24%. ಎರಡೂ ನಿಜವೇ. ನಿಮಗೆ ಬೇಕಾದದ್ದು ಎರಡನೆಯದು, ಅದೂ ನಿಮ್ಮ ವಯಸ್ಸಿನವರ ಲೆಕ್ಕ.

ಕ್ಲಿನಿಕ್‌ಗಳ ಸೇವೆ, ಅದರ ಫಲಿತಾಂಶ ಎಲ್ಲವೂ ಒಂದೆಡೆ ಸೇರಲೆಂದು ಆ ಕಾಯ್ದೆಯಲ್ಲೇ ರಾಷ್ಟ್ರೀಯ ರಿಜಿಸ್ಟ್ರಿಗೆ ಜಾಗವಿದೆ. ಬರೆದಿಟ್ಟರೆ ಏನು ಪ್ರಯೋಜನ ಅನ್ನುತ್ತೀರಾ? ಬ್ರಿಟನ್ನಿನಲ್ಲಿ 1991ರಿಂದ ಪ್ರತಿ ಐವಿಎಫ್ ಚಿಕಿತ್ಸೆಯೂ ದಾಖಲಾಗುತ್ತಿದೆ. ಒಂದಕ್ಕಿಂತ ಹೆಚ್ಚು ಭ್ರೂಣ ಇಟ್ಟರೆ ಅವಳಿ, ತ್ರಿವಳಿಯಾಗಿ, ದಿನ ತುಂಬುವ ಮೊದಲೇ ಹೆರಿಗೆಯಾಗಿ ತಾಯಿಗೂ ಕೂಸಿಗೂ ಅಪಾಯ ಹೆಚ್ಚು. ದಾಖಲೆ ಕೈಲಿದ್ದದ್ದರಿಂದ ಅಲ್ಲಿನವರು ಒಂದೇ ಭ್ರೂಣ ಇಡುವುದಕ್ಕೆ ಒತ್ತು ಕೊಟ್ಟು, ಫಲವನ್ನೂ ಅಳೆಯುತ್ತ ಬಂದರು. 1990ರ ದಶಕದಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚಿದ್ದ ಅವಳಿ, ತ್ರಿವಳಿ ಹೆರಿಗೆ 2019ರ ಹೊತ್ತಿಗೆ 6%ಕ್ಕೆ ಇಳಿಯಿತು.

ನಮ್ಮ ರಿಜಿಸ್ಟ್ರಿಯ ದಾಖಲೆ ಪೂರ್ತಿಯಾಗುವುದು ಮಾತ್ರ ನಿಮ್ಮಂಥವರಿಂದ. ನಮ್ಮಲ್ಲಿ ಚಿಕಿತ್ಸೆ ಬೆಂಗಳೂರಿನಲ್ಲಾದರೆ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನದ ಗಡಿಬಿಡಿಯಲ್ಲಿ ಕ್ಲಿನಿಕ್ ನೆನಪಾಗುವುದಿಲ್ಲ. ಗರ್ಭ ನಿಲ್ಲದಿದ್ದರಂತೂ ಆ ಕಡೆ ತಲೆ ಹಾಕುವ ಮನಸ್ಸೇ ಬರುವುದಿಲ್ಲ. ಹೀಗೆ ಫಲಿತಾಂಶದ ಕಾಲಂ ಖಾಲಿ ಉಳಿದುಬಿಡುತ್ತದೆ.

ಅದಕ್ಕೇ ಹೇಳುತ್ತೇನೆ, ಕೂಸು ಹುಟ್ಟಿದರೆ ಎಷ್ಟನೇ ವಾರಕ್ಕೆ ಹುಟ್ಟಿತು, ತೂಕ ಎಷ್ಟು ಎಂದು ಫೋನ್ ಮಾಡಿ ತಿಳಿಸಿ. ಕೈಗೂಡದಿದ್ದರೂ ತಿಳಿಸಿ, ನಿಮ್ಮ ಬಾಯಲ್ಲಿ ಹೇಳಲಾಗದಿದ್ದರೆ ಮನೆಯವರಿಂದ ಹೇಳಿಸಿ. ನಿಮ್ಮ ವಿವರ ಗುಟ್ಟಾಗಿಡಬೇಕೆಂದು ಕಾಯ್ದೆಯೇ ಹೇಳುತ್ತದೆ, ಸಂಕೋಚ ಬೇಡ. ಸಿಹಿ ಸುದ್ದಿಗಳನ್ನಷ್ಟೇ ಕೂಡಿಸಿದ ಲೆಕ್ಕ ನಂಬಿ ನಾಳೆ ಇನ್ನೊಂದು ಜೋಡಿ ಸಾಲ ಮಾಡಿಕೊಂಡು ಬರುವಂತಾಗಬಾರದು.