ಮನೋರೋಗಿಯೂ ಊರಿನ ಆಸರೆಯೂ

ಐದು ದೀಪಗಳನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಿಸಿದರೆ ಅವುಗಳಲ್ಲಿ ಯಾವುದೊಂದು ಕೆಟ್ಟರೂ ಉಳಿದ ನಾಲ್ಕು ಆರಿಹೋಗುವುವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ಸಮಾಂತರವಾಗಿ ಜೋಡಿಸಿದರೆ ಹಾಗಾಗುವುದಿಲ್ಲ; ಒಂದು ದಾರಿ ಕಡಿದರೂ ಇನ್ನೊಂದರಲ್ಲಿ ವಿದ್ಯುತ್ತು ಹರಿಯುತ್ತದೆ. ಭೌತವಿಜ್ಞಾನದ ಈ ಸಾಮಾನ್ಯವಾದ ಪಾಠವು ಮನೋರೋಗಿಗಳ ಆರೈಕೆಯಂತಹ ವಿಷಯದ ಮೇಲೂ ಬೆಳಕು ಬೀರಬಲ್ಲುದು. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ವಿಜಯಪುರ ಜಿಲ್ಲೆಯ ಉತ್ತರ ಭಾಗದಲ್ಲಿರುವ ಹಲಸಂಗಿಯಂತಹ ಒಂದು ಹಳ್ಳಿಯಲ್ಲಿ ಒಬ್ಬ ತರುಣನಿದ್ದಾನೆಂದು ಭಾವಿಸಿರಿ. ಯಾರೂ ಇಲ್ಲದಿರುವಾಗಲೂ ಅವನಿಗೆ ಮಾತುಗಳು ಕೇಳಿಸುತ್ತವೆ. ನೆರೆಯವರೆಲ್ಲರೂ ತನ್ನ ವಿರುದ್ಧ ಸಂಚು ಹೂಡಿರುವರೆಂಬ ಸಂಶಯವು ಅವನನ್ನು ಬಿಡದು. ನಿದ್ರೆಯಿಲ್ಲ, ಹೊಲದ ಕೆಲಸ ನಿಂತಿದೆ. ಇದು ಸ್ಕಿಜೊಫ್ರೀನಿಯವೆಂಬ ರೋಗದ ಲಕ್ಷಣ. ಜನರು 'ಗಾಳಿ ಸೋಕಿತು' ಎನ್ನುವರು. ಸಂಕಟವನ್ನು ಮರೆಯಲು ಅವನು ಕುಡಿತಕ್ಕೆ ಬಿದ್ದಿದ್ದಾನೆ, ಸಿಹಿಮೂತ್ರರೋಗವೂ ಸೇರಿಕೊಂಡಿದೆ. ಆತನನ್ನು ನೋಡಿಕೊಳ್ಳುವವಳು ವಯಸ್ಸಾದ ತಾಯಿಯೊಬ್ಬಳೇ. ಹೀಗೆ ಹಲವು ತೊಡಕುಗಳು ಒಬ್ಬನಲ್ಲಿಯೇ ಹೆಣೆದುಕೊಂಡಾಗ ಆರೈಕೆಯು ಏಕೆ ಕಠಿಣವಾಗುತ್ತದೆ?

ಔಷಧವಿಲ್ಲವೆಂದಲ್ಲ. ಕ್ಲೋರ್‌ಪ್ರೊಮಜೀನ್ ಎಂಬ ವಸ್ತುವು ಮನೋವಿಕಾರವನ್ನು ಶಮನಗೊಳಿಸುವುದನ್ನು 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕಂಡುಕೊಂಡರು. ಅಂದಿನಿಂದ ಅನೇಕ ಔಷಧಗಳು ಬಳಕೆಗೆ ಬಂದಿವೆ. ಆದರೆ ಔಷಧವು ರೋಗಿಯ ಬಾಯಿಗೆ ಬೀಳುವ ಮೊದಲು ಹಲವು ಮೆಟ್ಟಿಲುಗಳನ್ನು ದಾಟಬೇಕು. ಇದು ರೋಗವೆಂದು ಮನೆಯವರು ಗುರುತಿಸಬೇಕು, ವೈದ್ಯರನ್ನು ತಲಪಬೇಕು, ಔಷಧ ದೊರೆಯಬೇಕು, ರೋಗಿಯು ಅದನ್ನು ನಿತ್ಯವೂ ಸೇವಿಸಬೇಕು, ತಿಂಗಳು ತಿಂಗಳಿಗೂ ಮರಳಿ ತೋರಿಸಬೇಕು. ಇವು ಸರಣಿಯಲ್ಲಿ ಜೋಡಿಸಿದ ಐದು ಕೊಂಡಿಗಳು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಪ್ರತಿಯೊಂದು ಮೆಟ್ಟಿಲನ್ನೂ 100 ಜನರಲ್ಲಿ 80 ಜನರು ದಾಟುವರೆಂದೂ, ಒಂದರ ಸೋಲು ಗೆಲವು ಮತ್ತೊಂದನ್ನು ಅವಲಂಬಿಸಿಲ್ಲವೆಂದೂ ಇಟ್ಟುಕೊಳ್ಳಿರಿ. ಐದನ್ನೂ ದಾಟುವವರು 0.8 ಎಂಬುದನ್ನು ಐದು ಸಲ ಗುಣಿಸಿದಷ್ಟು, ಎಂದರೆ 100ಕ್ಕೆ ಸುಮಾರು 33 ಮಾತ್ರ! ನಮ್ಮ ತರುಣನಿಗೆ ಕುಡಿತ ಬಿಡಿಸುವ, ಸಿಹಿಮೂತ್ರಕ್ಕೆ ಚಿಕಿತ್ಸೆ ಕೊಡಿಸುವ, ಕೆಲಸ ಹುಡುಕುವ ಕೊಂಡಿಗಳೂ ಸೇರಿ ಅವು ಹತ್ತಾದರೆ ಸಂಖ್ಯೆಯು ಸುಮಾರು 11ಕ್ಕೆ ಇಳಿಯುತ್ತದೆ. ಯಾರೊಬ್ಬರೂ ವಿಶೇಷವಾಗಿ ತಪ್ಪು ಮಾಡದಿದ್ದರೂ ಹೆಚ್ಚಿನವರು ನಡುದಾರಿಯಲ್ಲಿಯೇ ಕಳೆದುಹೋಗುವರು.

ಈ ಅಂಕಿಗಳು ಕೇವಲ ಕಲ್ಪನೆಯವು. ಆದರೆ ವಾಸ್ತವಸ್ಥಿತಿಯೂ ಹಿತಕರವಾಗಿಲ್ಲ. 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಬೇರೆ ಬೇರೆ ಮನೋರೋಗಗಳಿಗೆ ತುತ್ತಾದವರಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿಲ್ಲವೆಂದು ತೋರಿಸಿತು.

ಹಾಗಾದರೆ ಉಪಾಯವೇನು? ಮೊದಲನೆಯದು, ಸರಣಿಯನ್ನು ಮೊಟಕುಗೊಳಿಸುವುದು. ಹಲಸಂಗಿಯಿಂದ ಬೆಂಗಳೂರು 500 ಕಿಲೋಮೀಟರಿಗೂ ದೂರ. ಧಾರವಾಡವು 200ಕ್ಕೂ ಹೆಚ್ಚು. ತಾಯಿಯು ತಿಂಗಳಿಗೊಮ್ಮೆ ಇಷ್ಟು ದೂರ ಮಗನನ್ನು ಕರೆದೊಯ್ಯುವುದು ಸಾಧ್ಯವೇ? ರೋಗಿಯು ಆಸ್ಪತ್ರೆಗೆ ಬರುವುದರ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋಗಬಾರದೇಕೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಕೈಗೆತ್ತಿಕೊಂಡು, ನಗರದ ಸಮೀಪದ ಸಕಲವಾರದಲ್ಲಿ ಪ್ರಯೋಗಗಳನ್ನು ನಡೆಸಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಅಲ್ಪಕಾಲದ ಶಿಕ್ಷಣದಿಂದ ರೋಗವನ್ನು ಗುರುತಿಸಿ ಚಿಕಿತ್ಸೆ ಮುಂದುವರಿಸಬಲ್ಲರೆಂಬುದು ಸ್ಪಷ್ಟವಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. ಇಡೀ ಜಿಲ್ಲೆಯೊಂದರಲ್ಲಿ ಈ ವಿಧಾನವನ್ನು ಪರೀಕ್ಷಿಸಿದ್ದು 1980ರ ದಶಕದ ಬಳ್ಳಾರಿಯಲ್ಲಿ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಇದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಡೆದ ಅಧ್ಯಯನವೂ ಗಮನಾರ್ಹವಾದುದು. ಅಲ್ಲಿ ಸ್ಕಿಜೊಫ್ರೀನಿಯ ರೋಗಿಗಳನ್ನು ಅವರವರ ಊರುಗಳಲ್ಲಿಯೇ ಗುರುತಿಸಿ ಒಂದು ವರ್ಷ ಗಮನಿಸಲಾಯಿತು. ಚಿಕಿತ್ಸೆ ಆರಂಭಿಸಿದವರ ಅಸಾಮರ್ಥ್ಯವು ಕಡಿಮೆಯಾಯಿತು. ಚಿಕಿತ್ಸೆಯಿಲ್ಲದೆ ಉಳಿದವರ ಸ್ಥಿತಿ ಇದ್ದಂತೆಯೇ ಇದ್ದಿತು.

ಎರಡನೆಯ ಉಪಾಯವೇ ಸಮಾಂತರ ಜೋಡಣೆ. ಪ್ರತಿಯೊಂದು ಮೆಟ್ಟಿಲಿಗೂ ಅಷ್ಟೇ ಬಲದ ಇನ್ನೊಂದು ಸ್ವತಂತ್ರ ದಾರಿಯಿರಲಿ. ತಾಯಿ ಕಾಯಿಲೆ ಬಿದ್ದರೆ ಮಾತ್ರೆ ಕೊಡಲು ನೆರೆಮನೆಯವರೊಬ್ಬರು. ಮರುಭೇಟಿ ಮರೆತರೆ ನೆನಪಿಸಲು ಆಶಾ ಕಾರ್ಯಕರ್ತೆ. ವೇತನದ ಅರ್ಜಿ ಬರೆಯಲು ಶಾಲೆಯ ಉಪಾಧ್ಯಾಯರು. ಎರಡು ದಾರಿಗಳೂ ಒಮ್ಮೆಗೇ ತಪ್ಪುವ ಸಂಭವವು 100ರಲ್ಲಿ 4 ಮಾತ್ರ. ಆಗ ಐದು ಮೆಟ್ಟಿಲುಗಳನ್ನೂ ದಾಟುವವರು 33ರಿಂದ 81ಕ್ಕೂ ಮೇಲೇರುವರು! ಹೊಸ ಔಷಧವೊಂದನ್ನೂ ಕಂಡುಹಿಡಿಯದೆ ದೊರೆತ ಲಾಭವಿದು. ಊರಿನ ಆಸರೆಯೆಂದರೆ ಕೇವಲ ಕನಿಕರವಲ್ಲ. ಅದು ಚಿಕಿತ್ಸೆಯ ಅಂಗವೇ ಆಗಿದೆ.

ಆದರೆ ಎಲ್ಲ ಆಸರೆಯೂ ಹಿತಕರವಲ್ಲ. ಆಸ್ಪತ್ರೆಯಿಂದ ಬಿಡುಗಡೆ ಹೊಂದಿದ ರೋಗಿಗಳನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು ಅಭ್ಯಾಸಮಾಡಿದಾಗ, ನಿತ್ಯವೂ ಟೀಕೆ ನಿಂದೆಗಳಿರುವ ಮನೆಗೆ ಮರಳಿದವರಲ್ಲಿ ರೋಗವು ಮತ್ತೆ ಕೆರಳುವ ಸಂಭವ ಹೆಚ್ಚೆಂದು ಕಂಡಿತು. ಮನೆಯವರಿಗೆ ರೋಗದ ತಿಳಿವಳಿಕೆ ಕೊಡುವುದೂ ಅವರ ಭಾರವನ್ನು ಹಂಚಿಕೊಳ್ಳುವುದೂ ಆದ್ದರಿಂದಲೇ ಅವಶ್ಯ. ರೋಗಿಯನ್ನು ಸಂಕೋಲೆಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ನಿಷೇಧಿಸಿದೆ. ಸಮಾಜದ ನಡುವೆ ಬಾಳುವ ಹಕ್ಕನ್ನೂ ಅವನಿಗೆ ನೀಡಿದೆ. ದೇವಸ್ಥಾನ ದರ್ಗಾಗಳಿಗೆ ಹೋಗುವವರು ಹೋಗಲಿ. ಅದಕ್ಕಾಗಿ ಮಾತ್ರೆಯನ್ನು ನಿಲ್ಲಿಸದಿದ್ದರೆ ಸಾಕು.

ಹಲಸಂಗಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿಕೊಂಡು, ಹಳ್ಳಿಯ ಹೆಂಗಸರ ನಾಲಗೆಯ ಮೇಲಿದ್ದ ಹಾಡುಗಳನ್ನು ಸಂಗ್ರಹಿಸಿ ಉಳಿಸಿದರು. ಒಬ್ಬರಿಂದಾಗದ ಕಾರ್ಯವು ಬಳಗದಿಂದಾಯಿತು. ಮನೋರೋಗಿಯ ಸುತ್ತಲೂ ಅಂತಹ ಒಂದು ಚಿಕ್ಕ ಬಳಗವು ಏಕೆ ಏರ್ಪಡಬಾರದು?

ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದುದು ಅಲ್ಪವೇನಲ್ಲ. ರೋಗನಿರ್ಣಯವು ವೈದ್ಯರ ಕೆಲಸ, ಅದಕ್ಕೆ ಕೈಹಾಕಬೇಡಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಅದನ್ನು ನಿಮ್ಮ ಓಣಿಯವರಿಗೆ ತಿಳಿಸಿರಿ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಂತೆ ಮನೋವೈದ್ಯರು ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನ ದಿನವನ್ನು ವಿಚಾರಿಸಿ ಹೇಳಿರಿ. ಎಲ್ಲಕ್ಕೂ ಮೊದಲು, 'ಹುಚ್ಚ' ಎಂದು ಕರೆಯುವುದನ್ನು ಬಿಟ್ಟು ಅವನನ್ನು ಅವನ ಹೆಸರಿನಿಂದ ಕೂಗಿರಿ. ಕಡಿದುಹೋದ ಕೊಂಡಿಯು ಮತ್ತೆ ಕೂಡಿಕೊಳ್ಳುವುದು ಅನೇಕ ವೇಳೆ ಅಲ್ಲಿಂದಲೇ.