ಬೆಳಗಿನ ಧೂಳು ಬೇರೆ, ಮಧ್ಯಾಹ್ನದ ಧೂಳು ಬೇರೆ



ನಮ್ಮ ಮನೆಯಲ್ಲಿ ಬಚ್ಚಲ ಒಲೆ ಹೊತ್ತಿಸೋ ಕೆಲಸ ನನ್ನದು. ಬೆಳಿಗ್ಗೆ ಆರಕ್ಕೆ ಎದ್ದು ಹಂಡೆ ಕೆಳಗೆ ಸೌದೆ ಒಟ್ಟಿ, ಬೇಗ ಹತ್ತಲಿ ಅಂತ ಹಳೇ ಸೈಕಲ್ ಟೈರಿನ ತುಂಡು ಹಾಕ್ತಿದ್ದೆ. ಅದೇ ಹೊತ್ತಿಗೆ ಅಜ್ಜಿಗೆ ಕೆಮ್ಮು ಶುರು. "ಚಳಿಗೆ ಕಣೋ ಮಗಾ" ಅಂತಿದ್ದಳು. ಮಧ್ಯಾಹ್ನ ರಸ್ತೆ ಧೂಳು ಎದ್ದಾಗ ಮಾತ್ರ ಇಷ್ಟು ಕೆಮ್ಮುತ್ತಿರಲಿಲ್ಲ. ಯಾಕೆ ಹೀಗೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. "ಧೂಳು ಹಿಡಿದು ನೋಡು" ಎಂದರು.

ಮಾಡಿದ ಕ್ರಮ: ಬಿಳಿ ರಟ್ಟಿನ ತುಂಡುಗಳಿಗೆ ವ್ಯಾಸಲೀನ್ ತೆಳ್ಳಗೆ ಸವರಿದೆ. ಬೆಳಿಗ್ಗೆ 6ರಿಂದ 8, ಮಧ್ಯಾಹ್ನ 12ರಿಂದ 2, ಸಂಜೆ 6ರಿಂದ 8, ಹೀಗೆ ಹೊತ್ತಿಗೊಂದು ರಟ್ಟನ್ನು ಹಿತ್ತಲ ಕಟ್ಟೆ ಮೇಲೆ ಇಟ್ಟೆ. ಮೊದಲ ದಿನ ಒಂದನ್ನು ಕೋಳಿ ತುಳಿದುಬಿಟ್ಟಿತು. ಆಮೇಲೆ ಕಿಟಕಿಯ ಸರಳಿಗೆ ಕಟ್ಟಿ 5 ದಿನ ಮಾಡಿದೆ. ಒಂದು ಚದರ ಸೆಂಟಿಮೀಟರಿನಲ್ಲಿದ್ದ ಕಣಗಳನ್ನು ಭೂತಗನ್ನಡಿಯಿಂದ ಎಣಿಸಿದೆ.

ಕಂಡದ್ದು: ಎಣಿಕೆಯಲ್ಲಿ ಮಧ್ಯಾಹ್ನದ ರಟ್ಟೇ ಮುಂದು. ಆದರೆ ಅದರಲ್ಲಿದ್ದದ್ದು ದಪ್ಪ ಕೆಂಪು ಮಣ್ಣು. ಬೆಳಿಗ್ಗೆ, ಸಂಜೆ ರಟ್ಟುಗಳಲ್ಲಿ ಕಣ ಕಡಿಮೆ, ಆದರೆ ಕಪ್ಪು ಮಸಿ. ಇನ್ನೊಂದು ಮಾತು: 2.5 ಮೈಕ್ರಾನಿಗಿಂತ ಸಣ್ಣ ಕಣಗಳೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್.) ಅವು ಭೂತಗನ್ನಡಿಗೆ ಕಾಣುವುದಿಲ್ಲ.

ವಿಜ್ಞಾನಿಗಳು ಅಳೆಯುವ ಬಗೆ: ಪಂಪಿನಿಂದ ಗಾಳಿ ಎಳೆದು ಸೋಸುವ ಹಾಳೆಯ ಮೂಲಕ ಹಾಯಿಸುತ್ತಾರೆ. ನಿಮಿಷಕ್ಕೆ 16.7 ಲೀಟರ್ ಎಳೆದರೆ ಗಂಟೆಗೆ ಸುಮಾರು 1 ಘನ ಮೀಟರ್. ಹಾಳೆಯ ಮೇಲೆ ಎಕ್ಸ್-ಕಿರಣ ಬಿಟ್ಟರೆ, ಅದರಲ್ಲಿರುವ ಪ್ರತಿಯೊಂದು ಧಾತುವೂ ತನ್ನದೇ ಆದ ಶಕ್ತಿಯ ಎಕ್ಸ್-ಕಿರಣವನ್ನು ಹೊರಸೂಸುತ್ತದೆ. ಅದರಿಂದ ಯಾವ ಧಾತು, ಎಷ್ಟು ಎಂದು ತಿಳಿಯುತ್ತದೆ. ಕೆಲವು ಎಷ್ಟು ಕಡಿಮೆ ಇರುತ್ತವೆಂದರೆ ನ್ಯಾನೋಗ್ರಾಮಿನಲ್ಲಿ ಹೇಳಬೇಕು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಅದು!

ಧಾತು ನೋಡಿ ಧೂಳಿನ ಮೂಲ ಊಹಿಸಬಹುದು. ಸಿಲಿಕಾನ್, ಅಲ್ಯೂಮಿನಿಯಂ ಹೆಚ್ಚಿದ್ದರೆ ಮಣ್ಣು. ಸಣ್ಣ ಕಣಗಳಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ಸೌದೆಯ ಹೊಗೆ. ತಾಮ್ರ, ಬೇರಿಯಂ ಇದ್ದರೆ ವಾಹನದ ಬ್ರೇಕು ಸವೆದದ್ದಿರಬಹುದು. ಟೈರು ಸುಟ್ಟರೆ ಸತು ಬರುತ್ತದೆ, ಏಕೆಂದರೆ ರಬ್ಬರಿಗೆ ಸತುವಿನ ಆಕ್ಸೈಡ್ ಸೇರಿಸಿರುತ್ತಾರೆ. ಹಿಂದೆ ಪೆಟ್ರೋಲಿನಿಂದ ಸೀಸವೂ ಬರುತ್ತಿತ್ತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು.

ಗಂಟೆ ಗಂಟೆಗೂ ಯಾಕೆ ಅಳೆಯಬೇಕು? ಒಂದು ಲೆಕ್ಕ ನೋಡಿ (ಅಂಕಿಗಳು ಉದಾಹರಣೆಗೆ ಮಾತ್ರ). ಒಂದು ಧಾತು 22 ಗಂಟೆ ಕಾಲ 10ರಂತೆ, 2 ಗಂಟೆ ಕಾಲ 130ರಂತೆ ಇದೆ ಎನ್ನೋಣ.
(22 × 10) + (2 × 130) = 480
480 ÷ 24 = 20
ದಿನಕ್ಕೆ ಒಂದೇ ಹಾಳೆ ಇಟ್ಟರೆ ಬರುವ ಸರಾಸರಿ 20. ಆ 130 ಎಲ್ಲಿ ಹೋಯಿತು? ಸರಾಸರಿಯಲ್ಲಿ ಮುಚ್ಚಿಹೋಯಿತು. ಅದಕ್ಕೇ ಗಂಟೆಗೊಮ್ಮೆ ಸುರುಳಿ ಮುಂದೆ ಸರಿದು ಹೊಸ ಜಾಗದಲ್ಲಿ ಧೂಳು ಹಿಡಿಯುವ ಯಂತ್ರಗಳೂ ಇವೆ.

ಇನ್ನು ಬೆಳಗಿನ ಹೊತ್ತಿನ ವಿಚಾರ. ರಾತ್ರಿ ನೆಲ ತಣ್ಣಗಾಗಿ, ನೆಲದ ಹತ್ತಿರದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಹೊಗೆ ಮೇಲೇಳದೆ ಸೂರಿನ ಮಟ್ಟದಲ್ಲೇ ಸುತ್ತುತ್ತದೆ. ಬಿಸಿಲೇರಿದ ಮೇಲೆ ಗಾಳಿ ಕಲಕಿ ಅದು ಚದುರುತ್ತದೆ.

ಅಂದರೆ ಮುಚ್ಚಳ ಬಿದ್ದ ಹೊತ್ತಿನಲ್ಲೇ ನಾನು ಟೈರು ಸುಡ್ತಿದ್ದೆ! ಈಗ ಬಿಟ್ಟಿದ್ದೇನೆ. ಒಣಗಿದ ತೆಂಗಿನ ಗರಿಯಲ್ಲಿ ಹೊತ್ತಿಸ್ತೀನಿ, ಹತ್ತು ನಿಮಿಷ ಮೊದಲೇ ಏಳಬೇಕು ಅಷ್ಟೆ. ಗರಿಯಲ್ಲೂ ಹೊಗೆ ಇದೆ, ಅದಕ್ಕೆ ಅಜ್ಜಿಯನ್ನು ಜಗಲಿ ಕಡೆ ಕೂರಿಸ್ತೀನಿ. ಕೆಮ್ಮು ಪೂರ್ತಿ ನಿಂತಿಲ್ಲ. ಟೈರೇ ಕಾರಣ ಅಂತ ನನ್ನ ರಟ್ಟು ಹೇಳಲಾರದು, ಅದನ್ನು ಡಾಕ್ಟರೇ ಹೇಳಬೇಕು. ಈ ಭಾನುವಾರ ಅಪ್ಪ ಅವಳನ್ನು ತೋರಿಸಿಕೊಂಡು ಬರ್ತಾರೆ.

ನೀವೂ ಮಾಡಿ ನೋಡಿ. ರಟ್ಟಿನ ಹಿಂದೆ ತಾರೀಖಿನ ಜೊತೆ ಗಂಟೆಯನ್ನೂ ಬರೆಯಲು ಮರೆಯಬೇಡಿ.