ಕ್ಯಾಮೆರಾ ಇಲ್ಲದ ಮೈದಾನದ ತೀರ್ಪು

ಬೆಂಗಳೂರಿನ ಕೆಳ ಡಿವಿಷನ್ ಲೀಗ್‌ಗಳಲ್ಲಿ ರೆಫರಿಯಾಗಿ ಓಡುವವನಿಗೆ ಪಂದ್ಯ ಶುರುವಾಗುವುದು ಕಿಕ್‌ಆಫ್‌ಗೆ ಅರ್ಧ ಗಂಟೆ ಮೊದಲು, ಗೋಲಿನ ಬಲೆಯ ಹತ್ತಿರ. ಬಲೆ ಎಲ್ಲಾದರೂ ಹರಿದಿದೆಯೇ, ಕಂಬಕ್ಕೂ ಬಲೆಗೂ ನಡುವೆ ಸಂದು ಬಿಟ್ಟಿದೆಯೇ, ಕೆಳಗಿನ ಗೂಟ ಭದ್ರವಾಗಿದೆಯೇ ಎಂದು ಎಳೆದು ನೋಡುತ್ತೇನೆ. ಹೊಸದಾಗಿ ಬಂದ ಲೈನ್ಸ್‌ಮನ್‌ಗಳಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ಆದರೆ ಚೆಂಡಿನ ಅಡ್ಡಳತೆ ಹೆಚ್ಚುಕಡಿಮೆ ಒಂದು ಗೇಣು. ಗೇಣಗಲದ ತೂತು ಇದ್ದರೆ ಸಾಕು, ಗೋಲಿನೊಳಗೆ ಹೋದ ಚೆಂಡು ಹೊರಗೆ ಬಿದ್ದಿರುತ್ತದೆ, ಹೊರಗೆ ಹೋಗಬೇಕಾದದ್ದು ಬಲೆಯೊಳಗೆ ಕೂತಿರುತ್ತದೆ. ಆಮೇಲೆ ಇಪ್ಪತ್ತೆರಡು ಜನ ಸುತ್ತುವರಿದಾಗ ನನ್ನ ಬಳಿ ತೋರಿಸಲು ಏನೂ ಇರುವುದಿಲ್ಲ. ಕೆಂಪು ಮಣ್ಣಿನ ಮೇಲೆ ಎಳೆದ ಸುಣ್ಣದ ಗೆರೆಯೂ ಹಾಗೆಯೇ. ದ್ವಿತೀಯಾರ್ಧದ ಹೊತ್ತಿಗೆ ಪೆನಾಲ್ಟಿ ಬಾಕ್ಸ್‌ನ ಅಂಚು ಅರ್ಧ ಅಳಿಸಿರುತ್ತದೆ, ಫೌಲ್ ಒಳಗೋ ಹೊರಗೋ ಎಂಬ ಜಗಳ ಅಲ್ಲೇ ಕಾದಿರುತ್ತದೆ. ವಿರಾಮದಲ್ಲಿ ಗೆರೆಯನ್ನು ಮತ್ತೊಮ್ಮೆ ಎಳೆಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಟಿ.ವಿ.ಯಲ್ಲಿ ಯುರೋಪಿನ ಪಂದ್ಯ ನೋಡಿ ಬೆಳೆದ ಹುಡುಗರು ಗಾಳಿಯಲ್ಲಿ ಬೆರಳಿನಿಂದ ಚೌಕ ಬರೆದು ವಿಎಆರ್ ಕೇಳುತ್ತಾರೆ. ನಮ್ಮಲ್ಲಿರುವುದು ಸೀಟಿ, ವಾಚು, ಎರಡು ಕಾರ್ಡು, ಇಬ್ಬರು ಲೈನ್ಸ್‌ಮನ್‌ಗಳ ಬಾವುಟ. ಈಚೆಗೆ ಮೊಬೈಲ್ ಸೇರಿಕೊಂಡಿದೆ. ಹಾಫ್‌ಟೈಮ್‌ನಲ್ಲಿ ಯಾರದೋ ಅಣ್ಣ ಫೋನ್ ಹಿಡಿದು ಬರುತ್ತಾರೆ: “ಸಾರ್, ನೀವೇ ನೋಡಿ ಸಾರ್, ಎಲ್ಲಿದೆ ಆಫ್‌ಸೈಡ್?” ನಾನು ನೋಡುವುದಿಲ್ಲ. ವಿಎಆರ್ ಇಲ್ಲದ ಪಂದ್ಯದಲ್ಲಿ ವಿಡಿಯೊ ನೋಡಿ ತೀರ್ಪು ಕೊಡಲು ನಿಯಮ ಒಪ್ಪುವುದಿಲ್ಲ. ಮೇಲಾಗಿ, ಆಫ್‌ಸೈಡ್ ವಿಷಯದಲ್ಲಿ ಅಡ್ಡಕೋನದಿಂದ ಹಿಡಿದ ಚಿತ್ರವನ್ನು ನಂಬುವಂತೆಯೂ ಇಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಲೈನ್ಸ್‌ಮನ್ ಸರಿಯಾದ ನೇರದಲ್ಲಿ ನಿಂತಿರದಿದ್ದರೆ ನೋಟದ ಕೋನವೇ ಅವನನ್ನು ದಾರಿ ತಪ್ಪಿಸುತ್ತದೆ. ಪಕ್ಷಪಾತ, ಅಜಾಗರೂಕತೆ ಎಂದು ನಾವು ಬೈಯುವ ಎಷ್ಟೋ ಬಾವುಟಗಳ ಹಿಂದೆ ಇರುವುದು ಒಂದೆರಡು ಹೆಜ್ಜೆಯ ವ್ಯತ್ಯಾಸ. ಕೊನೆಯಿಂದ ಎರಡನೆಯ ಡಿಫೆಂಡರ್‌ನ ನೇರವನ್ನು ತೊಂಬತ್ತು ನಿಮಿಷವೂ ಬಿಡದೆ ಹಿಡಿಯುವುದು ಮೈಮುರಿಯುವ ಕೆಲಸ. ಮೈದಾನದ ಮೂಲೆಯಲ್ಲಿ ಫೋನ್ ಹಿಡಿದು ಕೂತವರಿಗೆ ಆ ನೇರ ಸಿಗುವುದೇ ಇಲ್ಲ.

ದೊಡ್ಡ ಸೌಕರ್ಯವಿದ್ದಲ್ಲೂ ಕಣ್ಣು ಮೋಸಹೋಗುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಿನಲ್ಲಿ ವಾಟ್‌ಫರ್ಡ್ ಮತ್ತು ರೆಡಿಂಗ್ ಆಡುತ್ತಿದ್ದವು. ಚೆಂಡು ಗೋಲ್‌ಕಂಬದಿಂದ ಸಾಕಷ್ಟು ಆಚೆ ಗೆರೆ ದಾಟಿತ್ತು. ಗೋಲೆಂದು ರೆಡಿಂಗ್ ಆಟಗಾರರೂ ಕೇಳಿರಲಿಲ್ಲ. ಆದರೂ ಲೈನ್ಸ್‌ಮನ್ ಗೋಲು ಎಂದರು, 25ರ ಹರೆಯದ ರೆಫರಿ ಸ್ಟುವರ್ಟ್ ಅಟ್‌ವೆಲ್ ಗೋಲು ಕೊಟ್ಟರು. ಪಂದ್ಯ 2-2 ಎಂದೇ ದಾಖಲಾಯಿತು. ಅಟ್‌ವೆಲ್ ಮುಂದೆ ಫಿಫಾ ರೆಫರಿಯಾದರು. ಹೊಸ ಲೈನ್ಸ್‌ಮನ್‌ಗಳಿಗೆ ನಾನು ಈ ಕಥೆ ಹೇಳುತ್ತೇನೆ. ಗೋಲಾಯಿತೆಂದು ಒಬ್ಬರೂ ಸಂಭ್ರಮಿಸದಿದ್ದರೆ ಬಾವುಟ ಎತ್ತುವ ಮುನ್ನ ಆಟಗಾರರ ಮುಖ ನೋಡು, ನನ್ನ ಕಡೆ ಬಾ, ಒಂದು ಮಾತಾಡೋಣ. ಆಟ ಮತ್ತೆ ಶುರುವಾಗುವ ತನಕ ತೀರ್ಪು ಬದಲಿಸಲು ನಿಯಮ ನಮಗೆ ಸಮಯ ಕೊಟ್ಟಿದೆ. ಶುರುವಾಯಿತೋ, ಮುಗಿಯಿತು.

ಕ್ಲಬ್‌ನವರು ಹೆಚ್ಚು ಎಡವುವುದು ಇನ್ನೊಂದು ಕಡೆ. ಐದನೇ ನಿಯಮದ ಪ್ರಕಾರ, ಆಟದ ಘಟನೆಗಳ ಬಗ್ಗೆ, ಅಂದರೆ ಗೋಲಾಯಿತೇ, ಕೈಗೆ ತಾಗಿತೇ, ಕಾಲು ಅಡ್ಡ ಬಂತೇ ಎಂಬುದರ ಬಗ್ಗೆ, ರೆಫರಿಯ ಮಾತೇ ಕೊನೆಯದು. 2024ರ ಜೂನ್‌ನಲ್ಲಿ ದೋಹಾದಲ್ಲಿ ಗೆರೆ ದಾಟಿದ ಚೆಂಡನ್ನು ಒಳಗೆಳೆದು ಭಾರತದ ವಿರುದ್ಧ ಕತಾರ್ ಹೊಡೆದ ಗೋಲನ್ನು ನಾವೆಲ್ಲ ಕಣ್ಣಾರೆ ಕಂಡೆವು. ನಮ್ಮ ಫೆಡರೇಷನ್ ದೂರು ಕೊಟ್ಟಿತು, 2-1ರ ಸೋಲು ಸೋಲಾಗಿಯೇ ಉಳಿಯಿತು. ನನಗೂ ಹೊಟ್ಟೆ ಉರಿಯಿತು. ಆದರೆ ರೆಫರಿ ನಿಯಮವನ್ನೇ ತಪ್ಪಾಗಿ ಅನ್ವಯಿಸಿದರೆ ಲೆಕ್ಕ ಬೇರೆ. 2005ರಲ್ಲಿ ತಾಷ್ಕೆಂಟ್‌ನಲ್ಲಿ ಬಹ್ರೇನ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕಿಸ್ತಾನದವರು ಪೆನಾಲ್ಟಿ ಹೊಡೆದರು. ಒದೆಯುವ ಮೊದಲೇ ಅವರದೇ ಆಟಗಾರನೊಬ್ಬ ಬಾಕ್ಸ್‌ನೊಳಗೆ ನುಗ್ಗಿದ್ದ. ಪೆನಾಲ್ಟಿಯನ್ನು ಮತ್ತೆ ಒದೆಸಬೇಕಿತ್ತು. ರೆಫರಿ ಬಹ್ರೇನ್‌ಗೆ ಫ್ರೀಕಿಕ್ ಕೊಟ್ಟರು. ಫಿಫಾ ಆ ಪಂದ್ಯವನ್ನೇ ರದ್ದುಮಾಡಿ ಮತ್ತೆ ಆಡಿಸಿತು. 1-0ಯಿಂದ ಗೆದ್ದಿದ್ದ, ತಾನೇ ದೂರು ಕೊಟ್ಟಿದ್ದ ಉಜ್ಬೇಕಿಸ್ತಾನ ಕೊನೆಗೆ ಹೊರಬಿತ್ತು.

ಈ ವ್ಯತ್ಯಾಸ ತಿಳಿಯದೆ ನಮ್ಮ ಕ್ಲಬ್‌ಗಳು ಪ್ರೊಟೆಸ್ಟ್ ಫೀ ಕಟ್ಟಿ, “ರೆಫರಿ ಪೆನಾಲ್ಟಿ ಕೊಡಲಿಲ್ಲ” ಎಂದು ಪುಟಗಟ್ಟಲೆ ಬರೆಯುತ್ತವೆ. ಅದು ಗೆಲ್ಲುವ ದೂರಲ್ಲ. ಥ್ರೋ-ಇನ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಕೊಟ್ಟರೆ, ಎರಡು ಹಳದಿ ಕಾರ್ಡ್ ಕಂಡವನನ್ನು ಆಟದಲ್ಲಿ ಬಿಟ್ಟರೆ, ಅದು ನಿಯಮದ ತಪ್ಪು. ಅಂಥದ್ದನ್ನು ನಾಯಕ ಅಲ್ಲೇ, ಆಟ ಮತ್ತೆ ಶುರುವಾಗುವ ಮುಂಚೆ, ನನಗೆ ಹೇಳಬೇಕು. ಹೇಳಿದರೆ ಕೇಳುತ್ತೇನೆ.

ಹ್ಯಾಂಡ್‌ಬಾಲ್‌ನ ಗೋಳು ಮುಗಿಯುವುದಿಲ್ಲ, ಯಾಕೆಂದರೆ ನಿಯಮವೇ ನಿಂತ ಕಡೆ ನಿಲ್ಲಲಿಲ್ಲ. 2019ರಲ್ಲಿ ಬದಲಾಯಿತು, 2021ರಲ್ಲಿ ಮತ್ತೆ ಬದಲಾಯಿತು. ಈಗ, ಜೊತೆಯವನ ಕೈಗೆ ಆಕಸ್ಮಿಕವಾಗಿ ತಾಗಿದ ಚೆಂಡನ್ನು ಇನ್ನೊಬ್ಬ ಗೋಲಿಗೆ ಹೊಡೆದರೆ ಗೋಲು ಸಿಂಧು. ಹೊಡೆದವನ ಕೈಗೇ ತಾಗಿದ್ದರೆ ಸಿಂಧುವಲ್ಲ. ಇದು ಟಿ.ವಿ. ಪಂದ್ಯದ ಆಟಗಾರರಿಗೆ ಗೊತ್ತು, ವಾರವಿಡೀ ಗ್ಯಾರೇಜಿನಲ್ಲೋ ಡೆಲಿವರಿಯಲ್ಲೋ ದುಡಿದು ಬಂದು ಆಡುವ ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ.

ಜಗಳ ಆಗುವ ಮುಂಚೆಯೇ ಮಾತಾಡಿಬಿಡುವುದನ್ನು ಕಲಿತದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು, ಆಮೇಲೆ ಅದಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು. ಅದಾದ ಮೇಲೆ ನಮ್ಮ ಮೈದಾನಗಳಲ್ಲೂ ಎಲ್ಲರಿಗೂ ಅವಸರದ ಫ್ರೀಕಿಕ್ ಬೇಕಾಯಿತು. ಗೋಡೆಯನ್ನು ಹಿಂದೆ ಸರಿಸಬೇಕಾದಾಗ ನಾನು ಸೀಟಿಯನ್ನು ಎತ್ತಿ ತೋರಿಸಿ, ಇಬ್ಬರಿಗೂ ಕೇಳುವಂತೆ “ಸೀಟಿ ಊದಿದ ಮೇಲೇ” ಎನ್ನುತ್ತೇನೆ. ಅಲ್ಲಿಗೆ ಅರ್ಧ ವಾದ ಮುಗಿಯುತ್ತದೆ. 2024ರ ಯೂರೊದಲ್ಲಿ ನಾಯಕ ಮಾತ್ರ ರೆಫರಿಯ ಬಳಿ ಬರಬಹುದೆಂದು ಕಟ್ಟುನಿಟ್ಟು ಮಾಡಿದರಲ್ಲ, ಅದು ನಮ್ಮಂಥ ಮೈದಾನಗಳಿಗೆ ಇನ್ನೂ ಹೆಚ್ಚು ಬೇಕು. ನಾಯಕ ಒಬ್ಬನೇ ಬಂದು ಮರ್ಯಾದೆಯಿಂದ ಕೇಳಿದರೆ ಕಾರಣ ಹೇಳುತ್ತೇನೆ. ಎಂಟು ಜನ ಎದೆಗೆ ಎದೆ ಕೊಟ್ಟು ಬಂದರೆ ಕಾರ್ಡ್ ಹೇಳುತ್ತದೆ.

ಇಂಗ್ಲೆಂಡಿನಲ್ಲಿ 2023ರಿಂದ ಸ್ಥಳೀಯ ಪಂದ್ಯಗಳ ರೆಫರಿಗಳ ಎದೆಗೆ ಕ್ಯಾಮೆರಾ ಕಟ್ಟಿ ಪ್ರಯೋಗ ಮಾಡಿದ್ದು ಗೋಲು ಅಳೆಯುವುದಕ್ಕಲ್ಲ, ಬೈಗುಳ ಮತ್ತು ಹೊಡೆತದಿಂದ ಅವರನ್ನು ಕಾಪಾಡುವುದಕ್ಕೆ. ನಮ್ಮಲ್ಲೂ ಪರೀಕ್ಷೆ ಪಾಸು ಮಾಡಿ ಉತ್ಸಾಹದಿಂದ ಬಂದ ಹುಡುಗ ಹುಡುಗಿಯರು ತಾಯಿಯ ಹೆಸರೆತ್ತಿ ಬೈಸಿಕೊಂಡು ಸೀಟಿ ಕೆಳಗಿಟ್ಟು ಹೋಗಿದ್ದಾರೆ. ಅವರ ಜಾಗಕ್ಕೆ ಬರುವವರು ಕಡಿಮೆ. ಹಾಗಾಗಿ ಒಬ್ಬನೇ ರೆಫರಿ ಒಂದೇ ಮಧ್ಯಾಹ್ನ ಬಿಸಿಲಲ್ಲಿ ಎರಡನೇ ಪಂದ್ಯಕ್ಕೂ ಓಡುತ್ತಾನೆ, ದಣಿದ ಕಾಲು ಚೆಂಡಿನಿಂದ ದೂರ ಉಳಿಯುತ್ತದೆ, ದೂರದಿಂದ ಕೊಟ್ಟ ತೀರ್ಪಿಗೆ ಮತ್ತೆ ಜಗಳ.

ಕ್ಲಬ್ ಮ್ಯಾನೇಜರ್‌ಗಳಲ್ಲಿ ನನ್ನದೊಂದು ಕೋರಿಕೆ. ಸೀಸನ್ ಶುರುವಾಗುವ ಮುನ್ನ ಒಂದು ಸಂಜೆ ನಿಮ್ಮ ನಾಯಕ ಮತ್ತು ಗೋಲ್‌ಕೀಪರ್‌ನನ್ನು ಒಬ್ಬ ರೆಫರಿಯ ಜೊತೆ ಕೂರಿಸಿ, ಆ ವರ್ಷ ಬದಲಾದ ನಿಯಮಗಳನ್ನು ಓದಿಸಿ. ವಯಸ್ಸಾಗಿ ತಂಡದಲ್ಲಿ ಜಾಗ ಸಿಗದ, ಆದರೆ ಇನ್ನೂ ಓಡಬಲ್ಲ ಆಟಗಾರರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಮುಂದಿನ ರೆಫರಿ ಪರೀಕ್ಷೆಗೆ ಅವರ ಹೆಸರು ಕೊಡಿ.